ಹನ್ನೆರಡನೆಯ ನಟ್ಟು

ನಮ್ಮ ಬೀದಿಯಲ್ಲಿ ನನ್ನ ಅಣ್ಣನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ‘ಇನ್ನೊಂದ್ಸಲ’ ಎಂದೇ ಕರೆಯುತ್ತಾರೆ. ಮನೆಗೆ ಬೀಗ ಹಾಕಿ ನಾಲ್ಕು ಮನೆ ದಾಟಿದವನು “ಇನ್ನೊಂದ್ಸಲ ನೋಡ್ಕೊಂಡ್ ಬರ್ತೀನಿ” ಎಂದು ವಾಪಸು ಬಂದು ಬೀಗ ಜಗ್ಗುತ್ತಾನೆ. ಒಲೆ ಆರಿಸಿದ್ದನ್ನು ಇನ್ನೊಂದ್ಸಲ, ನಲ್ಲಿ ತಿರುಗಿಸಿದ್ದನ್ನು ಇನ್ನೊಂದ್ಸಲ. ಅವನ ಜೊತೆ ಹೊರಟವರಿಗೆ ಬಸ್ಸು ಸಿಕ್ಕಿದ್ದು ಕಡಿಮೆ. ಒಮ್ಮೆ ನಾನು ತಾಳ್ಮೆ ಕೆಟ್ಟು, “ಆ ಬೀಗಾನೂ ಕೈಯಲ್ಲೇ ಹಿಡ್ಕೊಂಡು ಬಾರೋ, ದಾರಿಯುದ್ದಕ್ಕೂ ನೋಡ್ತಾ ಇರ್ಬಹುದು” ಎಂದು ಬೀದಿಯಲ್ಲೇ ಕೂಗಿದ್ದೆ. ಅವನು ನಕ್ಕ, ಮತ್ತೆ ಒಂದು ಸಲ ಜಗ್ಗಿಯೇ ಬಂದ.

ಮೊದಲು ಅವನು ಹೀಗಿರಲಿಲ್ಲ. ಹುಡುಗನಾಗಿದ್ದಾಗ ಮನೆಯ ಗಡಿಯಾರ ಬಿಚ್ಚಿ, ಜೋಡಿಸಿ, ಎರಡು ತಿರುಪು ಮಿಕ್ಕಿದರೂ “ಇವು ಜಾಸ್ತಿ ಹಾಕಿದ್ರು” ಎಂದು ಜೇಬಿಗೆ ಸೇರಿಸಿಕೊಂಡ ಆಸಾಮಿ. ಅವನನ್ನು ಬದಲಾಯಿಸಿದ್ದು ಅಪ್ಪನ ಕಾಯಿಲೆ. ಅಪ್ಪ ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಆಪರೇಟರ್ ಆಗಿದ್ದರು. ಅವರಿಗೆ ಐವತ್ತೆರಡನೇ ವಯಸ್ಸಿನಲ್ಲಿ ಮರೆವು ಹತ್ತಿತು. ಅದು ಚಪ್ಪಲಿ ಎಲ್ಲಿಟ್ಟೆ, ಕನ್ನಡಕ ಎಲ್ಲಿಟ್ಟೆ ಎನ್ನುವ ಮರೆವಲ್ಲ. ಮಾಡದ ಕೆಲಸವನ್ನು ಮಾಡಿದ್ದೇನೆ ಎಂದು ಪುಸ್ತಕದಲ್ಲಿ ಬರೆಯುತ್ತಿದ್ದರು. ‘ದೊಡ್ಡ ವಾಲ್ವ್ ಮುಚ್ಚಿದೆ, ಬೆಳಿಗ್ಗೆ ಆರು ಗಂಟೆ’ ಎಂದು ಮುದ್ದಾದ ಅಕ್ಷರದಲ್ಲಿ ಬರೆದು ರುಜು ಹಾಕಿ ಮನೆಗೆ ಬಂದು ಕೂತರೆ, ಅತ್ತ ವಾಲ್ವ್ ತೆರೆದೇ ಇರುತ್ತಿತ್ತು. ಟ್ಯಾಂಕು ತುಂಬಿ ಹರಿದು ಕೆಳಗಿನ ಮನೆಗಳಿಗೆ ನೀರು ನುಗ್ಗಿತು. ಜನ ಬಾಗಿಲಿಗೆ ಬಂದು ಬೈದರು. ಅಪ್ಪ ಪುಸ್ತಕ ತೆರೆದು ತಮ್ಮದೇ ಅಕ್ಷರ ನೋಡಿ, “ಬರೆದಿದ್ದು ನೆನಪೇ ಇಲ್ಲವಲ್ಲ” ಎಂದು ಮಗುವಿನ ಹಾಗೆ ಅತ್ತರು. ಕೊನೆಗೆ ನನ್ನನ್ನೇ “ಯಾರಮ್ಮ ನೀನು, ಬಟ್ಟೆ ಹೊಲಿಯೋಳಾ?” ಎಂದು ಕೇಳುವಷ್ಟಾಯಿತು. ನಾನು ಹೊಲಿಯುವವಳು ಹೌದು ಎನ್ನುವುದಷ್ಟೇ ಅದರಲ್ಲಿ ಸಮಾಧಾನ.

ಅಪ್ಪ ಹೋದ ಮೇಲೆ ಅದೇ ಪಂಪ್‌ಹೌಸಿನಲ್ಲಿ ಅಣ್ಣನಿಗೆ ಕೆಲಸ ಸಿಕ್ಕಿತು. ಬೀಗ ಜಗ್ಗುವುದು ಶುರುವಾಗಿದ್ದು ಆಗ. ಕಳೆದ ವರ್ಷ ಅವನಿಗೂ ಐವತ್ತೆರಡು ತುಂಬಿತು. ಆ ದಿನ ಯಾರೂ ಆ ಲೆಕ್ಕ ಬಾಯಿಬಿಟ್ಟು ಹೇಳಲಿಲ್ಲ.

ಈಗ ಗಾಡಿಯ ವಿಷಯ. ನಮ್ಮ ಅತ್ತಿಗೆ ನರ್ಸು. ಗುಡ್ಡದ ಮೇಲಿನ ಊರುಗಳಿಗೆ ಹೋಗಿ ಬಸುರಿಯರನ್ನು, ಬಾಣಂತಿಯರನ್ನು, ಕೂಸುಗಳನ್ನು ನೋಡಿ ಬರುವುದು ಅವರ ಕೆಲಸ. ಆ ರಸ್ತೆ ಹೆಸರಿಗೆ ಮಾತ್ರ ರಸ್ತೆ. ಅರ್ಧ ದಾರಿಗೆ ಒಂದು ಹಳ್ಳ, ಹಳ್ಳದಾಚೆ ಏಳು ತಿರುವಿನ ಏರು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಅತ್ತಿಗೆ ಯಾರದಾದರೂ ಟ್ರ್ಯಾಕ್ಟರಿನ ಮೇಲೆ ಕೂತು ಹೋಗುತ್ತಿದ್ದರು, ಅದೂ ಸಿಗದಿದ್ದರೆ ಲಸಿಕೆಯ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದರು. ಒಂದು ಸಂಜೆ ಮನೆಗೆ ಬಂದು ಅಡುಗೆಮನೆಯ ಬಾಗಿಲಲ್ಲಿ ಕೂತು ಶೂ ಬಿಚ್ಚಿದರು. ಹಿಮ್ಮಡಿಯಲ್ಲಿ ಚರ್ಮವೇ ಇರಲಿಲ್ಲ. ಅಣ್ಣ ನೋಡಿದ. ಮುಂದಿನ ವಾರ ಕಲ್ಲು ಕ್ವಾರಿಯವರು ಬೇಡವೆಂದು ಬಿಟ್ಟ ಒಂದು ಮುದಿ ಪಿಕಪ್ ಗಾಡಿಯನ್ನು ಲಾರಿಯ ಬೆನ್ನ ಮೇಲೆ ಹೊರಿಸಿಕೊಂಡು ಬಂದು ಹಿತ್ತಲಿನಲ್ಲಿ ಇಳಿಸಿದ.

“ಯಾಕಿದು?” ಎಂದರು ಅತ್ತಿಗೆ.

“ಸುಮ್ನೆ. ಹೊತ್ತು ಹೋಗಲ್ಲ ನಂಗೆ” ಎಂದ.

ಹೊತ್ತು ಹೋಗದವನು ನಾಲ್ಕು ವರ್ಷ ಆ ಗಾಡಿಯ ಕೆಳಗೆ ಮಲಗಿದ. ಬಟ್ಟೆ ಒಗೆಯುವ ಕಲ್ಲಿಗೂ ನೀರಿನ ತೊಟ್ಟಿಗೂ ನಡುವೆ ತಗಡಿನ ಮಾಡು ಹಾಕಿ, ಅಲ್ಲೇ ಅವನ ಕಾರ್ಖಾನೆ. ಹಳೇ ನೀರಿನ ಪೈಪು ಬಗ್ಗಿಸಿ ಮುಂದಿನ ಬಂಪರ್ ಮಾಡಿದ. ಕೆಟ್ಟ ಪಂಪಿನ ಅಡಿ ತಗಡು ಕತ್ತರಿಸಿ, ಇಂಜಿನ್ನಿಗೆ ಕಲ್ಲು ಬಡಿಯದಂತೆ ಹೊಟ್ಟೆಗೆ ಕಟ್ಟಿದ. ಹಳ್ಳದ ನೀರು ಒಳಗೆ ಹೋಗಬಾರದೆಂದು ಇಂಜಿನ್ನು ಉಸಿರಾಡುವ ಕೊಳವೆಯನ್ನು ಗಾಡಿಯ ಮಾಡಿನ ಎತ್ತರಕ್ಕೆ ಏರಿಸಿದ. ಸೀಟಿಗೆ ದಪ್ಪ ಟಾರ್ಪಾಲಿನ ಬಟ್ಟೆ ಹೊಲಿದುಕೊಟ್ಟವಳು ನಾನು, ಮೂರು ಸೂಜಿ ಮುರಿದೆ. ಅತ್ತಿಗೆ ಮೊದಲ ಎರಡು ವರ್ಷ ಗಾಡಿಯನ್ನು ‘ನನ್ನ ಸವತಿ’ ಎಂದು ಕರೆದು ಮೂಗು ಮುರಿದರು. ಮೂರನೇ ವರ್ಷ ಅದನ್ನು ಓಡಿಸಲು ಕಲಿತರು. ನಾಲ್ಕನೇ ವರ್ಷದ ಹೊತ್ತಿಗೆ, ಅಣ್ಣ ಓಡಿಸಿದರೆ “ಗೇರು ಹಾಗೆ ಕುಕ್ಕಬೇಡಿ, ನೋವಾಗುತ್ತೆ ಅದಕ್ಕೆ” ಎನ್ನುವಷ್ಟು ಸಲಿಗೆ ಬೆಳೆದಿತ್ತು.

ಅಣ್ಣನ ಕೆಲಸಕ್ಕೆ ಒಂದು ಕ್ರಮ ಇತ್ತು. ಬಿಚ್ಚಿದ ನಟ್ಟುಗಳನ್ನೆಲ್ಲ ಮೊದಲು ಬರೀ ಬೆರಳಲ್ಲಿ ತಿರುಗಿಸಿ ಕೂರಿಸುತ್ತಾನೆ. ಆಮೇಲೆ ಒಂದೊಂದನ್ನೇ ಸ್ಪ್ಯಾನರಿನಲ್ಲಿ ಬಿಗಿ ಮಾಡುತ್ತಾನೆ. ಬಿಗಿಯಾದ ಕೂಡಲೇ, ನಟ್ಟಿನ ಮೇಲಿಂದ ಬೋಲ್ಟಿನ ಮೇಲಕ್ಕೆ ಒಂದೇ ಗೆರೆ ಎಳೆಯುತ್ತಾನೆ. ಗೆರೆ ಇದ್ದರೆ ಬಿಗಿಯಾಗಿದೆ, ಇಲ್ಲದಿದ್ದರೆ ಆಗಿಲ್ಲ. ಓಡಾಟದಲ್ಲಿ ನಟ್ಟು ಸಡಿಲವಾಗಿ ತಿರುಗಿದರೆ ಗೆರೆ ಎರಡು ತುಂಡಾಗುತ್ತದೆ. ಗೆರೆಗೆ ಬಳಸುತ್ತಿದ್ದದ್ದು ನನ್ನ ನೇಲ್ ಪಾಲಿಶ್. ಅಂಗಡಿಯ ದೀಪದಲ್ಲಿ ಬಂಗಾರದಂತೆ ಕಂಡು, ಮನೆಗೆ ತಂದರೆ ಅರಿಶಿನ ಕಾಮಾಲೆ ಬಂದವರ ಉಗುರಿನಂತೆ ಕಂಡ ಒಂದು ಹಳದಿ ಬಾಟಲಿ. ನಾನು ಎಸೆಯಲಿದ್ದೆ, ಅವನು ಎತ್ತಿಟ್ಟುಕೊಂಡ. ಅತ್ತಿಗೆಗೆ ಅವನು ಹೇಳಿಕೊಟ್ಟ ನಿಯಮ ಒಂದೇ. ಹೊರಡುವ ಮುಂಚೆ ಪ್ರತಿ ಚಕ್ರದ ಹತ್ತಿರ ಕುಕ್ಕರಗಾಲಲ್ಲಿ ಕೂತು ಗೆರೆ ನೋಡಬೇಕು, ಒಂದು ಗೆರೆ ಇಲ್ಲದಿದ್ದರೂ ಗಾಡಿ ತೆಗೆಯಬಾರದು.

ಮೊನ್ನೆ ಅವನು ಮುಂದಿನ ಎರಡು ಚಕ್ರಗಳನ್ನು ಒಂದಕ್ಕೊಂದು ಜೋಡಿಸುವ ಸ್ಟೀರಿಂಗ್ ರಾಡನ್ನು ಹೊಸದಾಗಿ ಮಾಡಿದ. ಹಳೆಯದು ಕಲ್ಲಿಗೆ ಬಡಿದು ಬಗ್ಗಿತ್ತು. ದಪ್ಪ ಪೈಪು ತಂದು, ಅಳತೆಗೆ ಕತ್ತರಿಸಿ, ಎರಡೂ ತುದಿಗೆ ನಟ್ಟು ಕೂರುವಂತೆ ತಿರುಪು ಕೊರೆದ ತುಂಡು ಬೆಸುಗೆ ಹಾಕಿ, ನಾಲ್ಕು ದಿನ ಅದನ್ನೇ ಎತ್ತಿ ಆಡಿಸಿದ. ಆ ರಾಡು ಕಳಚಿದರೆ ಒಂದು ಚಕ್ರ ಅತ್ತ, ಒಂದು ಚಕ್ರ ಇತ್ತ, ಕೈಯಲ್ಲಿರುವ ಸ್ಟೀರಿಂಗು ಬರೀ ಆಟದ ಸಾಮಾನು. ಹಾಗಾಗಿ ಅದರ ತುದಿಯ ನಟ್ಟಿಗೆ ಅಡ್ಡಲಾಗಿ ತೂತು ಇರುತ್ತದೆ, ನಟ್ಟು ತಿರುಗದಂತೆ ಅದರೊಳಗೆ ಒಂದು ಪಿನ್ನು ತೂರಿಸಿ ಅದರ ಎರಡು ಕಾಲು ಮಡಚುತ್ತಾರೆ. ಆ ಸಲ ಸ್ಪ್ರಿಂಗ್ ಪಟ್ಟಿಗಳ ಎಂಟು ನಟ್ಟು, ಸ್ಟೀರಿಂಗ್ ಕಡೆಯ ನಾಲ್ಕು, ಒಟ್ಟು ಹನ್ನೆರಡು ಬಿಚ್ಚಿದ್ದ, ಆ ಲೆಕ್ಕ ಅತ್ತಿಗೆಗೂ ಹೇಳಿದ್ದ.

ರಾಡು ಕೂರಿಸಿದ ಸಂಜೆ ಹನ್ನೊಂದು ನಟ್ಟು ಬಿಗಿ ಮಾಡಿ ಹನ್ನೊಂದು ಗೆರೆ ಎಳೆದ. ಹನ್ನೆರಡನೆಯದನ್ನು ಬಿಗಿ ಮಾಡುವ ಮುಂಚೆ ಅದರ ಹಳೇ ಪಿನ್ನು ನೆಟ್ಟಗೆ ಮಾಡಲು ಹೋದರೆ ಅದು ಕೈಯಲ್ಲೇ ಮುರಿಯಿತು. ಹೊಸದು ತರಬೇಕು. ಆಮೇಲೆ ಒಟ್ಟಿಗೇ ಬಿಗಿ ಮಾಡಿದರಾಯಿತು ಎಂದು ನಟ್ಟನ್ನು ಬರೀ ಬೆರಳಲ್ಲಿ ಕೂರಿಸಿ ಬಿಟ್ಟ. ಅಷ್ಟರಲ್ಲಿ ಪಂಪ್ ನಿಂತಿದೆ ಎಂದು ಫೋನು ಬಂತು, ಕೈ ಒರೆಸಿಕೊಂಡು ಓಡಿದ. ಇದೆಲ್ಲ ನನಗೆ ಗೊತ್ತಾಗಿದ್ದು ಮರುದಿನ. ಆಗ ನಾನು ಮುಂದಿನ ಕೋಣೆಯಲ್ಲಿ ಮಿಷನ್ನು ತುಳಿಯುತ್ತಿದ್ದೆ.

ಸ್ವಲ್ಪ ಹೊತ್ತಿಗೆ ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ. ಗಾಡಿಯ ಮುಂದಿನ ಚಕ್ರ ಹೊರಕ್ಕೆ ತಿರುಗಿ ನಿಂತಿತ್ತು, ಹಳದಿ ಬಾಟಲಿ ನೆಲದ ಮೇಲೆ ಬಾಯಿ ತೆರೆದುಕೊಂಡು ಕೂತಿತ್ತು. ಪಾಲಿಶ್ ಒಣಗಿಹೋಗುತ್ತದಲ್ಲ ಎಂದು ಮುಚ್ಚಲು ಬಗ್ಗಿದವಳ ಕಣ್ಣಿಗೆ ಆ ನಟ್ಟು ಬಿತ್ತು. ಎಲ್ಲಕ್ಕೂ ಗೆರೆ, ಇದಕ್ಕಿಲ್ಲ. ಹೊಲಿಯುವವಳ ಕಣ್ಣು ಕೆಟ್ಟದ್ದು. ಐದು ಗುಂಡಿಗೆ ಕಾಜ ಮಾಡಿ ಆರನೆಯದು ಬಿಟ್ಟ ಅಂಗಿಯನ್ನು ನಾನು ಮೊಳೆಗೆ ನೇತುಹಾಕಿ ಮಲಗಲಾರೆ. ‘ಊರಿಗೆಲ್ಲ ಇನ್ನೊಂದ್ಸಲ, ಇಲ್ಲಿ ಒಂದು ಮರೆತು ಓಡಿದ್ದಾನೆ ನೋಡು’ ಎಂದು ನಗು ಬಂತು. ನಾಳೆ ಅತ್ತಿಗೆ ಇದೊಂದಕ್ಕೆ ಗಾಡಿ ತೆಗೆಯದೆ ಪೇಚಾಡುತ್ತಾರೆ ಎಂದುಕೊಂಡೆ. ಕುಂಚ ಅದ್ದಿ ಸೊಗಸಾಗಿ, ನೆಟ್ಟಗೆ ಒಂದು ಗೆರೆ ಎಳೆದೆ. ಬಾಟಲಿ ಮುಚ್ಚಿ, ಬಟ್ಟೆ ತೆಗೆದುಕೊಂಡು ಒಳಗೆ ಬಂದೆ. ಉಪಕಾರ ಮಾಡಿದೆ ಎನ್ನುವ ಸಂತೋಷದಲ್ಲಿ ಅದನ್ನು ಹೇಳುವುದನ್ನೂ ಮರೆತೆ. ಮರೆವು ನಮ್ಮ ಮನೆಯಲ್ಲಿ ಯಾರಿಗಿದೆ ಎಂದು ಈಗ ಕೇಳಬಹುದು ನೀವು.

ಮರುದಿನ ಅಣ್ಣನಿಗೆ ಬೆಳಗಿನ ಪಾಳಿ, ಆರಕ್ಕೇ ಹೋದ. ಒಂಬತ್ತೂವರೆಗೆ ಗುಡ್ಡದ ಮೇಲಿನ ಊರಿಂದ ಅತ್ತಿಗೆಗೆ ಫೋನು ಬಂತು. ಎಂಟು ತಿಂಗಳ ಬಸುರಿಯೊಬ್ಬಳಿಗೆ ಮುಖ ಕಾಲು ಊದಿ, ತಲೆನೋವು ಹತ್ತಿದೆ. ಅತ್ತಿಗೆ ಎರಡು ಮಾತು ಕೇಳಿ, “ಇವತ್ತೇ ಕೆಳಗೆ ತರ್ಬೇಕು, ನಾನೇ ಬರ್ತೀನಿ” ಎಂದರು. ಅಂಥ ಅವಸರದಲ್ಲೂ ನಾಲ್ಕೂ ಚಕ್ರದ ಹತ್ತಿರ ಕೂತು ಗೆರೆ ಎಣಿಸಿದರು. “ಹನ್ನೆರಡೂ ಇದೆ” ಎಂದು ನನಗೆ ಕೂಗಿ ಹೇಳಿಯೇ ಹೊರಟರು.

ಹತ್ತಕ್ಕೆ ಅಣ್ಣ ಮೊಪೆಡ್ಡಿನಲ್ಲಿ ತಿಂಡಿಗೆ ಬಂದ. ಹಿತ್ತಲಿಗೆ ಹೋದವನು ಅಲ್ಲಿಂದಲೇ ಕೇಳಿದ.

“ಗಾಡಿ ಎಲ್ಲೇ?”

“ಅತ್ತಿಗೆ ತಗೊಂಡು ಹೋದ್ರು. ಮೇಲಿನ ಊರಿನ ಬಸುರಿ ಹೆಂಗಸಿಗೆ ಹುಷಾರಿಲ್ವಂತೆ.”

ಅವನು ಅಂಗಿಯ ಜೇಬಿನಿಂದ ಸಣ್ಣ ಕಾಗದದ ಪೊಟ್ಟಣ ತೆಗೆದ. ಅದರಲ್ಲಿ ಹೊಸ ಪಿನ್ನು ಇತ್ತು. “ಹೋಗೋಕೆ ಹೇಗಾಗುತ್ತೆ? ಬಲಗಡೆ ನಟ್ಟು ಬರೀ ಬೆರಳಲ್ಲಿ ಕೂರಿಸಿ ಬಿಟ್ಟಿದೀನಿ. ಗೆರೆ ಹಾಕಿಲ್ಲ. ಅವಳು ಗೆರೆ ನೋಡ್ದೆ ಹೋಗೋಳಲ್ಲ.”

“ಹನ್ನೆರಡೂ ಇದೆ ಅಂದ್ರು” ಎಂದೆ. ಮಾತು ಬಾಯಿಂದ ಬಿದ್ದ ಮೇಲೆ ನನಗೆ ಅರ್ಥವಾಯಿತು.

ಅಣ್ಣ ಅಲ್ಲೇ ನಿಂತ. ತನ್ನ ಬಲಗೈ ಬೆರಳುಗಳನ್ನು ಮಗುಚಿ ನೋಡಿಕೊಂಡ. “ಹನ್ನೆರಡಾ?” ಎಂದ. ಅತ್ತಿಗೆಯ ಫೋನಿಗೆ ಮೂರು ಸಲ ಮಾಡಿದ, ಊರು ದಾಟಿ ಗುಡ್ಡದ ದಾರಿ ಹಿಡಿದರೆ ಸಿಗ್ನಲ್ ಇಲ್ಲ. ಸ್ಪ್ಯಾನರಿನ ಚೀಲ ನನ್ನ ಕೈಗೆ ಕೊಟ್ಟು, “ಹಿಂದೆ ಕೂತ್ಕೋ” ಎಂದ. ಮನೆಗೆ ಬೀಗ ಹಾಕಲಿಲ್ಲ. ನಾನು ನೆನಪಿಸಲೂ ಇಲ್ಲ.

ಆ ದಾರಿಯಲ್ಲಿ ಮೊಪೆಡ್ಡು ಓಡುವುದಿಲ್ಲ, ಕುಪ್ಪಳಿಸುತ್ತದೆ. ಚೀಲ ತೊಡೆಯ ಮೇಲೆ ಕುಣಿದು ಕುಣಿದು ಕಾಲು ಮರಗಟ್ಟಿತು. ನಾನೇ ಗೆರೆ ಹಾಕಿದ್ದು ಎಂದು ಹೇಳಿಬಿಡಬೇಕು, ಈಗ ಹೇಳಬೇಕು, ಆ ಮರ ಬಂದ ಮೇಲೆ ಹೇಳಬೇಕು ಎಂದುಕೊಳ್ಳುತ್ತಲೇ ಇದ್ದೆ. ಹೇಳಿದರೆ, ಆ ಏಳು ತಿರುವುಗಳಲ್ಲಿ ಏನಾದರೂ ಆಗಿದ್ದರೆ, ಅತ್ತಿಗೆಯನ್ನು ಕೊಂದವಳು ನಾನಾಗುತ್ತೇನೆ. ಹೇಳದಿದ್ದರೂ ನಾನೇ. ಆದರೆ ಹೇಳದಿದ್ದರೆ ಅದು ಇನ್ನೂ ನಿಜವಾಗಿಲ್ಲ ಎಂಬಂತೆ ಇತ್ತು.

ಹಳ್ಳ ಇನ್ನೂ ದೂರವಿದ್ದಾಗ ಅಣ್ಣ ಮುಖ ತಿರುಗಿಸದೆ ಮಾತಾಡಿದ.

“ಅಪ್ಪಂಗೂ ಹೀಗೇ ಅಲ್ವೇನೇ ಶುರುವಾಗಿದ್ದು? ಮಾಡ್ದೆ ಇರೋದನ್ನ ಮಾಡಿದೀನಿ ಅಂತ ಬರೆಯೋದು?”

ನಾನು ಚೀಲವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ. ಗಾಳಿಗೆ ಕೇಳಿಸಲಿಲ್ಲ ಎಂದು ಅವನು ತಿಳಿದಿರಬೇಕು. ಚೆನ್ನಾಗಿಯೇ ಕೇಳಿಸಿತ್ತು.

ಹಳ್ಳದ ಹತ್ತಿರದ ಇಳಿಜಾರಿನಲ್ಲಿ ಗಾಡಿ ಕಂಡಿತು. ಈಚೆ ದಡದಲ್ಲಿ ನಿಂತಿತ್ತು, ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಅಣ್ಣ ಮೊಪೆಡ್ಡನ್ನು ನಿಲ್ಲಿಸಲಿಲ್ಲ, ಹಾಗೇ ಬೀಳಲು ಬಿಟ್ಟು ಓಡಿದ. ಅದರ ಜೊತೆ ನಾನೂ ಬಿದ್ದೆ. ಎದ್ದು ಕುಂಟುತ್ತ ಹೋಗಿ ನೋಡಿದರೆ, ಗಾಡಿಯ ಆ ಬದಿಯ ನೆರಳಲ್ಲಿ ಕಲ್ಲಿನ ಮೇಲೆ ಕೂತು ಅತ್ತಿಗೆ ಬಾಳೆಹಣ್ಣು ತಿನ್ನುತ್ತಿದ್ದರು.

ಆ ಬಾಳೆಹಣ್ಣನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹೋದ ಜೀವ ಬಂದಂತಾಯಿತು ಎಂದು ಜನ ಹೇಳುವುದನ್ನು ಕೇಳಿದ್ದೆ, ಅದು ಹೊಟ್ಟೆಯ ಕಡೆಯಿಂದ ಬರುತ್ತದೆ ಎಂದು ಆಗ ಗೊತ್ತಾಯಿತು. ಅಣ್ಣ ಅವರ ಮುಂದೆ ಮಂಡಿಯೂರಿ ಕೂತು ಎರಡೂ ಭುಜ ಹಿಡಿದುಕೊಂಡ. ನನ್ನೆದುರು ಅವನು ಅತ್ತಿಗೆಯ ಕೈ ಹಿಡಿದಿದ್ದನ್ನೂ ನಾನು ಅದುವರೆಗೆ ನೋಡಿದವಳಲ್ಲ.

“ಏನ್ರೀ ಇದು, ಬಿಡಿ” ಎಂದರು ಅತ್ತಿಗೆ. “ಕಟ್ಟಿಗೆ ಗಾಡಿಯವನ ಹತ್ರ ಹೇಳಿ ಕಳಿಸಿದ್ದು ಇಷ್ಟು ಬೇಗ ತಲುಪ್ತಾ?”

“ಯಾವ ಗಾಡಿಯವನೂ ಸಿಗ್ಲಿಲ್ಲ.”

“ಅಯ್ಯೋ ಅವನ! ನಾನು ಇನ್ನು ಐದು ನಿಮಿಷ ನೋಡಿ ನಡ್ಕೊಂಡೇ ಹತ್ತೋಣ ಅಂತಿದ್ದೆ.”

ಆಗಿದ್ದು ಇಷ್ಟು. ಹಳ್ಳ ಇಳಿಯುವ ಮುಂಚೆ ಮುಂದಿನ ಎರಡೂ ಚಕ್ರಗಳಲ್ಲಿ, ಒಂದೊಂದರ ನಟ್ಟನಡುವೆ ಇರುವ ಗುಂಡನೆಯ ಗುಬುಟನ್ನು ಕೈಯಿಂದ ತಿರುಗಿಸಬೇಕು, ಆಗಲೇ ನಾಲ್ಕೂ ಚಕ್ರ ಎಳೆಯುತ್ತವೆ. ಅದಕ್ಕೆಂದು ಇಳಿದು ಬಲಗಡೆ ಕೂತ ಅತ್ತಿಗೆ ಒಳಗೆ ಕಣ್ಣು ಹಾಯಿಸಿದ್ದಾರೆ. ಹಳದಿ ಗೆರೆ ಎರಡು ತುಂಡಾಗಿತ್ತು. ಬೋಲ್ಟಿನ ಮೇಲಿನ ಅರ್ಧ ಇಲ್ಲಿ, ನಟ್ಟಿನ ಮೇಲಿನ ಅರ್ಧ ಅತ್ತ ಕಡೆ. ಮುಟ್ಟಿದರೆ ನಟ್ಟು ಬೆರಳಲ್ಲೇ ತಿರುಗುತ್ತಿತ್ತು, ಕೊನೆಯ ಎರಡು ಸುತ್ತಿನ ಮೇಲೆ ನೇತಾಡುತ್ತಿತ್ತು. ಅವರು ಗಾಡಿ ಆರಿಸಿ ಕೀಲಿ ಜೇಬಿಗೆ ಹಾಕಿಕೊಂಡಿದ್ದರು.

ಅಣ್ಣ ಒದ್ದೆ ಮರಳಿನಲ್ಲಿ ಬೆನ್ನು ಹಚ್ಚಿ ಮಲಗಿದ. ಸ್ಪ್ಯಾನರು ಎರಡು ಸಲ ಕೈಯಿಂದ ಜಾರಿತು. ನಟ್ಟು ಬಿಗಿ ಮಾಡಿ, ಪಿನ್ನು ತೂರಿಸಿ, ಅದರ ಕಾಲು ಮಡಚಿದ. ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ಮೇಲೆ ನಿಂತಿದ್ದರು. ಭಯ ಇಳಿದ ಮೇಲೆ ಅವರಿಗೆ ಸಿಟ್ಟು ಏರುತ್ತದೆ, ಯಾವಾಗಲೂ ಅದೇ ಸಾಲು.

“ಅಲ್ಲ, ಟೈಟ್ ಮಾಡ್ದೆ ಗೆರೆ ಯಾಕೆ ಹಾಕಿದ್ರಿ? ಗೆರೆ ನಂಬ್ಕೊಂಡು ತಾನೆ ನಾನು ಬರೋದು? ವಾಪಸ್ ಬರುವಾಗ ಇಳಿಜಾರಲ್ಲಿ ಬಿಚ್ಕೊಂಡಿದ್ರೆ, ಆ ಹೊಟ್ಟೆ ಹೊತ್ತವಳನ್ನ ಪಕ್ಕದಲ್ಲಿ ಕೂರಿಸ್ಕೊಂಡು ನಾನೇನು ಮಾಡ್ಬೇಕಿತ್ತು?”

ಗಾಡಿಯ ಕೆಳಗೆ ಅಣ್ಣ ಪಿನ್ನನ್ನು ಇನ್ನೊಂದ್ಸಲ ಜಗ್ಗಿ ನೋಡಿದ. ಆಮೇಲೆ, “ಹಾಕಿದ್ದು ನೆನಪಿಲ್ಲ” ಎಂದ.

“ನೆನಪಿಲ್ಲ ಅಂದ್ರೆ?”

“ಇನ್ಮೇಲೆ ಈ ಗಾಡಿ ಕೆಲಸ ನಾನು ಮಾಡಲ್ಲ. ಗ್ಯಾರೇಜಿಗೆ ಕೊಡೋಣ.”

ಅಲ್ಲಿ ಹೇಳಬೇಕಿತ್ತು ನಾನು. ಅತ್ತಿಗೆಯ ಕಣ್ಣು ನೋಡಿ ಹೆದರಿದೆ. ನಲವತ್ತೇಳು ವರ್ಷದ ಹೆಂಗಸು, ಊರಿನ ಅರ್ಧ ಜನರ ಅಂಗಿಯ ಅಳತೆ ಬಾಯಿಪಾಠ ಇರುವವಳು, ಹಾಲು ಚೆಲ್ಲಿದ ಹುಡುಗಿಯ ಹಾಗೆ ವೇಲಿನ ತುದಿ ಹಿಂಡಿಕೊಂಡು ನಿಂತೆ.

ಅತ್ತಿಗೆ ಗಡಿಯಾರ ನೋಡಿದರು. “ಅದೆಲ್ಲ ಮನೆಗೆ ಹೋದ್ಮೇಲೆ. ಹೊರಡ್ಲಾ ಈಗ?”

ಅಣ್ಣ ಎದ್ದು ಬಂದ. ಬೆನ್ನಿಗೆ ಮರಳು ಅಂಟಿತ್ತು. ಗಾಡಿಯ ಕಡೆ ನೋಡಿದ, ಆಮೇಲೆ ನನ್ನ ಕಡೆ ತಿರುಗಿ, “ನೀನು ನೋಡಿ ಹೇಳು” ಎಂದ.

“ನಾನಾ? ನಂಗೇನು ಗೊತ್ತೋ?”

“ನೀನು ನೋಡು. ನನ್ನ ಕಣ್ಣು ನಂಬೋದು ಬೇಡ.”

ಬೀಗವನ್ನು ಮೂರು ಸಲ ಜಗ್ಗುವವನು ಬಾಯಿಬಿಟ್ಟು ಹೀಗೆ ಹೇಳಿದ. ನಾನು ಮಂಡಿಯೂರಿ ಹನ್ನೆರಡನ್ನೂ ಮುಟ್ಟಿ, ಸ್ಪ್ಯಾನರು ಹಾಕಿ ತಿರುಗಿಸಿ ನೋಡಿದೆ. ಯಾವುದೂ ಕದಲಲಿಲ್ಲ. “ಸರಿಯಾಗಿದೆ ಅತ್ತಿಗೆ, ಹೋಗಿ” ಎಂದೆ. ಗಾಡಿ ಹಳ್ಳಕ್ಕಿಳಿದು, ನೀರನ್ನು ಸೀಳಿಕೊಂಡು ಆಚೆ ದಡ ಏರಿ, ಮೊದಲ ತಿರುವಿನಲ್ಲಿ ಮರೆಯಾಯಿತು. ಅವರು ಬರುವವರೆಗೆ ಕಾಯೋಣ ಎಂದು ನಾವಿಬ್ಬರೂ ಉಳಿದೆವು.

ಅಣ್ಣ ಅತ್ತಿಗೆ ಕೂತಿದ್ದ ಕಲ್ಲಿನ ಮೇಲೆ ಕೂತ. ಹಳ್ಳದ ಆಚೆ ನೋಡುತ್ತ, ಯಾರದೋ ವಿಷಯ ಹೇಳುವವನ ಹಾಗೆ ಹೇಳಿದ.

“ನಿನ್ನೆ ಸಂಜೆದು ಒಂದೊಂದೇ ನೆನಪು ಮಾಡ್ಕೊಳ್ತಿದೀನಿ ಕಣೇ. ಪಿನ್ನು ಮುರೀತು. ಫೋನ್ ಬಂತು. ಸ್ಪ್ಯಾನರ್ ಇಟ್ಟೆ. ಕೈ ಒರೆಸ್ಕೊಂಡೆ. ಹೋದೆ. ಆಮೇಲೆ ಬಾಟ್ಲಿ ಮುಟ್ಟಿದ್ದು ಎಲ್ಲೂ ಇಲ್ಲ. ಎಷ್ಟು ಹುಡುಕಿದ್ರೂ ಇಲ್ಲ. ಆ ಜಾಗ ಖಾಲಿ ಇದೆ.”

“ಅಣ್ಣಾ...”

“ಕೇಳು. ನಾಳೆ ಆಫೀಸಿಗೆ ಹೋಗಿ ಪಂಪಿಗೆ ಬೇರೆಯವರನ್ನ ಹಾಕಿ ಅಂತ ಹೇಳ್ತೀನಿ. ಅಪ್ಪನ ಹಾಗೆ ಜನರ ಹತ್ರ ಬೈಸ್ಕೊಳ್ಳೋವರೆಗೂ ಕಾಯಲ್ಲ. ಒಂದೂವರೆ ವರ್ಷದಿಂದ ಕಾಯ್ತಾನೇ ಇದ್ದೆ, ಯಾವತ್ತು ಬರುತ್ತೋ ಅಂತ. ರಾತ್ರಿ ಎದ್ದು ಕೂತು ಆ ದಿನ ಮಾಡಿದ್ದೆಲ್ಲ ಸಾಲಾಗಿ ಹೇಳ್ಕೊಳ್ತೀನಿ, ಒಂದೂ ತಪ್ಪದ ಹಾಗೆ. ಇವತ್ತು ತಪ್ಪಿತು. ನಿಮ್ಮ ಅತ್ತಿಗೆಗೆ ಈಗ್ಲೇ ಹೇಳ್ಬೇಡ.”

“ಅಣ್ಣಾ, ಗೆರೆ ಹಾಕಿದ್ದು ನಾನು.”

ಅವನು ತಿರುಗಿ ನೋಡಿದ. ಅರ್ಥವೇ ಆಗದವನ ಹಾಗೆ ನೋಡಿದ.

“ನಾನು ಕಣೋ. ನಿನ್ನೆ ಬಟ್ಟೆ ತೆಗೆಯೋಕೆ ಬಂದಿದ್ದೆ. ಒಂದು ಬಿಟ್ಟುಹೋಗಿದೆ, ನೀನು ಮರ್ತಿದೀಯ ಅಂತ ಹಾಕ್ಬಿಟ್ಟೆ. ಬಿಗಿ ಮಾಡಿಲ್ಲ ಅಂತ ಗೊತ್ತಿರ್ಲಿಲ್ಲ. ಬೆಳಿಗ್ಗೆ ಮನೇಲೇ ಹೇಳ್ಬೇಕಿತ್ತು, ದಾರೀಲಿ ಹೇಳ್ಬೇಕಿತ್ತು, ಭಯ ಆಯ್ತು. ಬೈಯಿ ನೀನು, ಎರಡು ಬಾರಿಸು ಬೇಕಾದ್ರೆ.”

“ಯಾವ ನಟ್ಟು?”

“ಬಲಗಡೆ, ಚಕ್ರದ ಒಳಗಡೆದು.”

“ಬಾಟ್ಲಿ ಎಲ್ಲಿತ್ತು?”

“ನೆಲದ ಮೇಲೆ, ಮುಚ್ಚಳ ತೆಗೆದಿತ್ತು. ನಾನೇ ಮುಚ್ಚಿ ಕಿಟಕಿ ಮೇಲಿಟ್ಟೆ.”

“ಎಷ್ಟು ಹೊತ್ತಿಗೆ?”

“ನೀನು ಹೋಗಿ ಕಾಲು ಗಂಟೆಗೆ.” ಪೊಲೀಸರ ಮುಂದೆ ಹೇಳಿಕೆ ಕೊಟ್ಟ ಹಾಗಿತ್ತು.

ಅವನು ಎಲ್ಲವನ್ನೂ ಮನಸ್ಸಿನಲ್ಲಿ ಒಂದರ ಪಕ್ಕ ಒಂದು ಇಟ್ಟು ನೋಡುತ್ತಿದ್ದ. ಎಲ್ಲವೂ ಕೂತಿತು ಎಂದು ಅವನ ಮುಖದಲ್ಲೇ ಕಂಡಿತು. “ಅದಕ್ಕೇ ಗೆರೆ ಅಷ್ಟು ನೆಟ್ಟಗಿತ್ತು!” ಎಂದ. “ನಾನೆಲ್ಲಿ ಅಷ್ಟು ನೆಟ್ಟಗೆ ಎಳೀತೀನಿ! ಕೆಳಗೆ ಮಲ್ಕೊಂಡು ನೋಡ್ದಾಗ ಅನ್ನಿಸ್ತು, ಇದೇನು ಸ್ಕೇಲು ಇಟ್ಟ ಹಾಗಿದೆ ಅಂತ.” ಅವನು ನಗತೊಡಗಿದ. ನಗು ನಡುವೆ ಎಲ್ಲೋ ಅಳುವಾಯಿತು, ಮರಳು ಮೆತ್ತಿದ ಅಂಗೈಯಿಂದ ಕಣ್ಣೊರೆಸಿಕೊಂಡು ಮುಖವೆಲ್ಲ ಮರಳು ಮಾಡಿಕೊಂಡ. “ಹಾಗಾದ್ರೆ ನಾನು ಹಾಕಿಲ್ಲ” ಎಂದ. “ನಾನು ಹಾಕಿಲ್ಲ ಕಣೇ. ನೆನಪಿಲ್ಲ ಅಂದಿದ್ದು ನಿಜ. ಹಾಕಿದ್ರೆ ತಾನೆ ನೆನಪಿರೋದು.”

ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮನೆಯಿಂದ ಹಳ್ಳದವರೆಗೆ ನಲವತ್ತು ನಿಮಿಷ, ಹಳ್ಳದ ಹತ್ತಿರ ಇನ್ನೊಂದು ಅರ್ಧ ಗಂಟೆ, ಅಪ್ಪನ ಕಾಯಿಲೆಯನ್ನು ನಾನು ಇವನ ತಲೆಯ ಮೇಲೆ ಹೊರಿಸಿ ಸುಮ್ಮನೆ ಹಿಂದೆ ಕೂತಿದ್ದೆ. ಹೆದರಿದ್ದೆ ಎನ್ನುವುದು ನಿಜ, ಅದು ಸಬೂಬಲ್ಲ. ಇದನ್ನೂ ಹೇಳಿದೆ. “ಆಯ್ತು ಬಿಡೆ, ಸಾಕು” ಎಂದ. ಒಂದು ನಿಮಿಷದ ಮೇಲೆ, “ಇನ್ನು ಆ ಬಾಟ್ಲಿ ಮುಟ್ಟಿದ್ರೆ ಮಾತ್ರ ಕೈ ಮುರೀತೀನಿ” ಎಂದ. ಇನ್ನೊಂದು ನಿಮಿಷಕ್ಕೆ ಕಲ್ಲಿಗೆ ಒರಗಿದ. ನಾನು ಮೊಪೆಡ್ಡು ಎತ್ತಿ ನಿಲ್ಲಿಸಿ, ಅದರ ಬಗ್ಗಿದ ಕನ್ನಡಿ ನೆಟ್ಟಗೆ ಮಾಡಿ ಬರುವಷ್ಟರಲ್ಲಿ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಮುಖದ ಮೇಲೆ ಬಿಸಿಲು ಬರುತ್ತಿತ್ತು. ನನ್ನ ವೇಲ್ ತೆಗೆದು ಅಡ್ಡ ಹಿಡಿದು ಕೂತೆ.

ಒಂದೂವರೆ ಗಂಟೆಯ ಮೇಲೆ ಗಾಡಿ ತಿರುವಿನಲ್ಲಿ ನಿಧಾನವಾಗಿ ಇಳಿದು ಬಂತು, ಹಳ್ಳ ದಾಟಿ ನಮ್ಮ ಹತ್ತಿರ ನಿಂತಿತು. ಒಳಗೆ ಆ ಹೆಂಗಸು ದಿಂಬಿಗೆ ಒರಗಿ ಕೂತಿದ್ದಳು, ಪಕ್ಕದಲ್ಲಿ ಅವಳ ತಾಯಿ. ಅತ್ತಿಗೆ ಇಳಿದು, ಚಕ್ರದ ಗುಬುಟು ತಿರುಗಿಸುತ್ತ, “ಬಿ.ಪಿ. ಜಾಸ್ತಿ ಇದೆ, ಮಾತ್ರೆ ಕೊಟ್ಟಿದೀನಿ. ಹೊತ್ತಿಗೆ ಸರಿಯಾಗಿ ಹೋಗಿದ್ದು ಒಳ್ಳೇದಾಯ್ತು, ಸೀದಾ ಆಸ್ಪತ್ರೆಗೆ” ಎಂದರು. ಆಗ ಅವರ ಕಣ್ಣು ಕಲ್ಲಿನ ಕಡೆ ಹೋಯಿತು.

“ಅಯ್ಯೋ, ಇವರಿಗೇನಾಯ್ತು?”

“ಏನಿಲ್ಲ ಅತ್ತಿಗೆ, ನಿದ್ದೆ.”

“ನಿದ್ದೆನಾ? ಇವರು?” ಅತ್ತಿಗೆ ಧ್ವನಿ ತಗ್ಗಿಸಿದರು. “ಪಕ್ಕದಲ್ಲೇ ಮಲಗೋ ನಾನು ಇವರು ಹೀಗೆ ನಿದ್ದೆ ಮಾಡಿದ್ದು ನೋಡಿ ವರ್ಷದ ಮೇಲಾಯ್ತು ಕಣೇ. ಕೇಳಿದ್ರೆ ಗಾಡಿ ಯೋಚನೆ ಅಂತಿದ್ರು. ಏನು ಮಾಡ್ದೆ ನೀನು?”

“ಆ ಗೆರೆ ಹಾಕಿದ್ದು ನಾನು ಅಂತ ಹೇಳಿದೆ” ಎಂದೆ. “ಇವನು, ಅಪ್ಪನ ಕಾಯಿಲೆ ತನಗೂ ಬಂತು ಅಂದ್ಕೊಂಡಿದ್ದ.”

ಅತ್ತಿಗೆ ನನ್ನನ್ನು ನೋಡಿದರು. ಗಂಡನನ್ನು ನೋಡಿದರು, ಬಹಳ ಹೊತ್ತು ನೋಡಿದರು. ಕಣ್ಣು ತುಂಬಿಕೊಂಡಿತ್ತು.

“ಮನೆಗೆ ಬಾ, ಮಾಡ್ತೀನಿ ನಿಂಗೆ” ಎಂದು ನನಗೆ ಪಿಸುಗುಟ್ಟಿ, ಗಾಡಿ ಹತ್ತಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು.